ಮರದ ಯಜಮಾನರ ಮನೆಗೆ ಮೊದಲು ಹೋಗಿ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಕೆರೆ ಪಕ್ಕದ ಏಳೆಂಟು ಹುಣಸೆ ಮರಗಳಲ್ಲಿ ಮೂರು ವರ್ಷದಿಂದ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿವೆ. ನಾವು ಆರು ಜನ, ಇಬ್ಬರು ಶಿಕ್ಷಕರು, ಉಳಿದವರು ಬೇಸಾಯಗಾರರು ಮತ್ತು ವಿದ್ಯಾರ್ಥಿಗಳು, ಭಾನುವಾರ ಹೋಗಿ ನೋಡುತ್ತೇವೆ, ಫೋಟೊ ತೆಗೆಯುತ್ತೇವೆ. ಮರಗಳ ಯಜಮಾನರೊಬ್ಬರು ‘ನಾತ ತಡೆಯೋಕಾಗಲ್ಲ, ಹುಣಸೆಯೂ ಕೈಗೆ ಸಿಗ್ತಿಲ್ಲ, ಈ ವರ್ಷ ಮರ ಮಾರಿಬಿಡ್ತೀನಿ’ ಎನ್ನುತ್ತಿದ್ದಾರೆ. ಬೇಸಿಗೆಗೆ ಕೆರೆ ಹೂಳೆತ್ತುವ ಕೆಲಸವೂ ಬರಲಿದೆ. ನಾವು ಸಂಘ ನೋಂದಣಿ ಮಾಡಿಸಬೇಕೆ? ಹಕ್ಕಿ ಎಣಿಸಿ ಬರೆದಿಟ್ಟರೆ ಹಕ್ಕಿಗೆ ನಿಜಕ್ಕೂ ಪ್ರಯೋಜನವಿದೆಯೆ? ಕೆಳಗೆ ಬಿದ್ದ ಮರಿಗಳನ್ನು ಏನು ಮಾಡಬೇಕು? ಸಂಘಕ್ಕೆ ಒಂದು ಹೆಸರನ್ನೂ ಸೂಚಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ, ಆದರೆ ಅವಸರದ್ದು ನೀವು ಪ್ರಶ್ನೆಯಾಗಿ ಕೇಳಿಯೇ ಇಲ್ಲ. ಮರ ಮಾರುತ್ತೇನೆ ಎಂದಿರುವ ಆ ಯಜಮಾನರ ಮನೆಗೆ ನೀವು ಇದುವರೆಗೆ ಹೋಗಿದ್ದೀರಾ? ಹೋಗಿಲ್ಲವಾದರೆ ಈ ವಾರವೇ ಹೋಗಿ. ಕ್ಯಾಮೆರಾ ಮನೆಯಲ್ಲಿಟ್ಟು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಣ್ಣದ ಕೊಕ್ಕರೆಗಳು ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿ ಹೊತ್ತಿಗೆ ಗೂಡಿಗೆ ಕೂರುತ್ತವೆ. ಹುಣಸೆ ಕೊಯ್ಲೂ ಅದೇ ಸಮಯಕ್ಕೆ ಬರುತ್ತದೆ. ಯಜಮಾನರ ಸಿಟ್ಟಿಗೆ ಮೂಲ ಇಲ್ಲಿದೆ.

ಲೆಕ್ಕ ಹಾಕಿ ನೋಡಿ. ಈ ಹಕ್ಕಿ ಸಾಮಾನ್ಯವಾಗಿ ಎರಡರಿಂದ ಐದು ಮೊಟ್ಟೆ ಇಡುತ್ತದೆ. ಕಾವು ಸುಮಾರು ಒಂದು ತಿಂಗಳು. ಮರಿಯ ರೆಕ್ಕೆ ಬಲಿತು ಹಾರಲು ಮತ್ತೆ ಎರಡು ತಿಂಗಳು. ಅಂದರೆ ಗೂಡಿಗೆ ಕಡ್ಡಿ ತಂದ ದಿನದಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಆ ಮರಕ್ಕೆ ದೋಟಿ ತಾಗಬಾರದು. ಅಷ್ಟರಲ್ಲಿ ಹುಣಸೆ ಫಸಲಿನ ಕಾಲ ಮುಗಿದು, ಮುಂಗಾರಿನ ಮೊದಲ ಮಳೆ ಬಿದ್ದು, ಮರದಲ್ಲೇ ಉಳಿದ ಹಣ್ಣು ಕೆಟ್ಟಿರುತ್ತದೆ. ಹಕ್ಕಿಗಳು ಗೂಡಿಗೆಂದು ಎಳೆ ರೆಂಬೆಗಳನ್ನು ಮುರಿಯುತ್ತವೆ, ಹಿಕ್ಕೆ ಬಿದ್ದ ಎಲೆ ಸುಟ್ಟಂತಾಗುತ್ತದೆ. ಗುತ್ತಿಗೆದಾರ ಅಂಥ ಮರದ ಫಸಲನ್ನು ಹಿಡಿಯಲು ಬರುವುದೇ ಇಲ್ಲ. ಹೀಗೆ ವರ್ಷವರ್ಷವೂ ನಷ್ಟ ತಿಂದವರಿಗೆ ‘ಹಕ್ಕಿ ಪ್ರಕೃತಿಯ ಸೊಬಗು’ ಎಂದು ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮೂರು ವರ್ಷ ಆ ಮರಗಳನ್ನು ಉಳಿಸಿದವರು ಅವರು. ಹೋದ ತಕ್ಷಣ ಮೊದಲು ಅದನ್ನೇ ಹೇಳಿ.

ಇದೇ ಸಂಕಟವನ್ನು ದಾಟಿ ಬಂದ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಯ ಬಳಿಯ ಆ ಹಳ್ಳಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳು ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ. ಮನೆ ಹಿತ್ತಲಿನ, ಬೀದಿ ಬದಿಯ ಹುಣಸೆ, ಅರಳಿ, ಜಾಲಿ ಮರಗಳಲ್ಲಿ ಕಟ್ಟುತ್ತವೆ. ಊರಿನ ಹೆಂಗಸರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆಂಬ ನಂಬಿಕೆಯೂ ಇದೆ. ಆದರೂ ನಂಬಿಕೆಯೊಂದರಿಂದಲೇ ಮರ ಉಳಿಯಲಿಲ್ಲ. ಹುಣಸೆಗೂ ಸೌದೆಗೂ ಬೆಲೆ ಏರಿದಂತೆ ಅಲ್ಲೂ ಮರಗಳು ಉರುಳಿದವು. ಆಗ ಕೆಲಸಕ್ಕೆ ಬಂದದ್ದು ಎರಡು ಸಂಗತಿಗಳು: ಗೂಡಿರುವ ಮರಗಳ ಯಜಮಾನರಿಗೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಕೊಡಲು ಶುರುಮಾಡಿದ ಪರಿಹಾರ, ಮತ್ತು 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ನಿಸರ್ಗಪ್ರಿಯರ ತಂಡದ ಒಡನಾಟದಲ್ಲಿ ಆ ಊರಿನ ಹುಡುಗರೇ ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’. ಪೇಟೆಯಿಂದ ಬಂದ ಪಕ್ಷಿಪ್ರೇಮಿಗಳು ಸಂಜೆ ಬಸ್ಸು ಹತ್ತಿ ಹೋಗುತ್ತಾರೆ. ರಾತ್ರಿ ಗಾಳಿಗೆ ಮರಿ ಬಿದ್ದಾಗ ಎದ್ದು ಹೋಗುವವರು ಊರಿನ ಹುಡುಗರೇ. ನಿಮ್ಮ ಆರು ಜನರಲ್ಲಿ ಬೇಸಾಯಗಾರರಿದ್ದಾರೆ ಎಂಬುದನ್ನು ಓದಿ ನನಗೆ ತುಂಬ ಸಂತೋಷವಾದದ್ದು ಅದಕ್ಕೇ.

ಪರಿಹಾರಕ್ಕೆ ನೀವೂ ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ಮರಗಳ ಸಂಖ್ಯೆ, ಯಜಮಾನರ ಒಪ್ಪಿಗೆ, ಗೂಡಿನ ಲೆಕ್ಕ, ದಿನಾಂಕವಿರುವ ಚಿತ್ರ, ಇಷ್ಟನ್ನು ಲಗತ್ತಿಸಿ. ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಈ ವರ್ಷಕ್ಕೆ ಬರುತ್ತದೆಂದು ಯಜಮಾನರಿಗೆ ಮಾತು ಕೊಡಬೇಡಿ. ಈ ವರ್ಷಕ್ಕೆ ನನ್ನ ಸಲಹೆ ಬೇರೆ: ಗೂಡಿರುವ ಮರಗಳ ಫಸಲನ್ನು ನಿಮ್ಮ ಗುಂಪೇ ಗುತ್ತಿಗೆ ಹಿಡಿಯಲಿ. ಊರಿನ ನಾಲ್ಕು ಜನರ ಎದುರು ದರ ಮಾತಾಡಿ, ಮುಂಗಡ ಕೊಟ್ಟು, ‘ಮರಿ ಹಾರುವವರೆಗೆ ಬಡಿಯುವುದಿಲ್ಲ’ ಎಂದು ಚೀಟಿ ಬರೆದುಕೊಳ್ಳಿ. ಗೂಡಿಲ್ಲದ ಕೊಂಬೆಗಳ ಹಣ್ಣನ್ನು ಹಕ್ಕಿ ಕೂರುವ ಮೊದಲೇ ಕಿತ್ತುಕೊಳ್ಳಬಹುದು, ಉಳಿದದ್ದು ಹೋದರೆ ಹೋಗಲಿ. ಏಳೆಂಟು ಮರ, ಅದರಲ್ಲೂ ಗೂಡು ತುಂಬಿದವು ನಾಲ್ಕೋ ಐದೋ ಇರಬಹುದು. ಆರು ಜನ ಕೈ ಹಾಕಿ, ಊರಿನ ನೌಕರಸ್ಥರ ಬಳಿಯೂ ಕೇಳಿದರೆ ಆಗದ ಮೊತ್ತವೇನಲ್ಲ. ಒಂದು ಮಾತು ನೆನಪಿರಲಿ, ಅನೇಕ ಜಾತಿಯ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ಕೈ ಹಾಕುವುದೂ ಸೇರಿದೆ. ಇವೆರಡನ್ನೂ ನೀವು ತಿಳಿದಿರಬೇಕು. ಮೊದಲ ಭೇಟಿಯಲ್ಲಿ ಮಾತ್ರ ಬಾಯಿಬಿಡಬೇಡಿ. ಕಾನೂನಿನ ಹೆದರಿಕೆ ಹುಟ್ಟಿದ ಮನೆಯಲ್ಲಿ ಮುಂದಿನ ವರ್ಷ ಹಕ್ಕಿ ಕೂರುವ ಮೊದಲೇ ಪಟಾಕಿ ಸಿಡಿಯುತ್ತದೆ. ಅದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಂಡಿದ್ದೇನೆ.

ಇನ್ನು ನಾತ. ಅದು ನಿಜವಾದ ತೊಂದರೆ, ಅದನ್ನು ಚಿಕ್ಕದು ಮಾಡಬೇಡಿ. ಹಿಕ್ಕೆಯ ಜೊತೆಗೆ ಮರಿಗಳ ಬಾಯಿಂದ ಜಾರಿದ ಮೀನೂ ಕೆಳಗೆ ಬಿದ್ದು ಕೊಳೆಯುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಮರದ ಬುಡದಲ್ಲಿ ಕೆರೆ ಗೋಡು ಹರಡಿ, ಹಿಕ್ಕೆ ಅದರಲ್ಲಿ ಬೆರೆತ ಮೇಲೆ ಮಳೆಗಾಲಕ್ಕೆ ಮುಂಚೆ ಬಾಚಿ ಗದ್ದೆಗೆ ಹಾಕುವುದು. ಕೊಕ್ಕರೆ ಬೆಳ್ಳೂರಿನ ರೈತರು ಹಿಂದೆ ಹೀಗೆ ಗೊಬ್ಬರ ಮಾಡಿಕೊಳ್ಳುತ್ತಿದ್ದರು. ಸಾರಜನಕ, ರಂಜಕ ಎರಡೂ ತುಂಬಿದ ಗೊಬ್ಬರವದು. ನಿಮ್ಮ ಕೆರೆಯ ಹೂಳು ಹೇಗೂ ಹೊರಗೆ ಬರಲಿದೆಯಲ್ಲ, ಮೊದಲ ಕೆಲವು ಟ್ರ್ಯಾಕ್ಟರ್ ಲೋಡು ಆ ಮರಗಳ ಬುಡಕ್ಕೆ ಬೀಳಲಿ. ಹರಡುವ ಕೆಲಸ ನಿಮ್ಮ ಗುಂಪಿನದು, ಗೊಬ್ಬರ ಯಜಮಾನರದು. ಹಕ್ಕಿ ಕೂತ ಮೇಲೆ ಟ್ರ್ಯಾಕ್ಟರ್ ಮರದ ಬುಡಕ್ಕೆ ಹೋಗಬಾರದು. ಹಾಗಾಗಿ ಈ ಕೆಲಸ ಜನವರಿಯೊಳಗೆ ಮುಗಿಯಬೇಕು. ಹೂಳೆತ್ತುವುದು ಬೇಸಿಗೆಗೇ ಆದರೆ, ಈಗ ಕೆರೆ ಅಂಗಳದಲ್ಲಿ ಒಣಗಿರುವ ಜಾಗದಿಂದ ಎರಡು ಲೋಡು ತರಲು ಪಂಚಾಯಿತಿಯನ್ನು ಕೇಳಿ.

ಹೂಳಿನ ವಿಷಯ ಬಂದದ್ದರಿಂದ ಹೇಳುತ್ತೇನೆ, ನನಗೆ ನಿಮ್ಮ ಮರಗಳಿಗಿಂತ ಹೆಚ್ಚಿನ ಆತಂಕವಿರುವುದು ಕೆರೆಯ ಬಗ್ಗೆ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿಂದ ನೋಡಿ ಹಿಡಿಯುವುದು ಕಡಿಮೆ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಅದ್ದಿ, ಅತ್ತಿಂದಿತ್ತ ಆಡಿಸುತ್ತ ನಡೆಯುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೀಗೆ ನಡೆಯಲು ಅದಕ್ಕೆ ಕಾಲು ಮುಳುಗುವಷ್ಟು ಮಾತ್ರ ನೀರಿರುವ ಜಾಗ ಬೇಕು. ಚಮಚದ ಕೊಕ್ಕಿನ ಹಕ್ಕಿ, ಮೆಟ್ಟುಗಾಲು ಹಕ್ಕಿ, ಚಳಿಗಾಲಕ್ಕೆ ಉತ್ತರದಿಂದ ಬರುವ ಸಣ್ಣ ಗೊರವಗಳಿಗೂ ಅಂಥ ತೆಳುನೀರೇ ಬೇಕು. ನಮ್ಮ ಹಿರಿಯರು ಕಟ್ಟಿದ ಕೆರೆ ತಟ್ಟೆಯಂತಿತ್ತು. ಏರಿಯ ಬಳಿ ಆಳ, ಹಿಂದಕ್ಕೆ ಹೋದಂತೆ ಕಡಿಮೆಯಾಗುತ್ತ ಹುಲ್ಲುಗಾವಲಿನಲ್ಲಿ ಮುಗಿಯುತ್ತಿತ್ತು. ಈಗ ಜೆಸಿಬಿ ಇಳಿಸಿ ಸುತ್ತಲೂ ಒಂದೇ ಆಳಕ್ಕೆ ಬಗೆದು, ದಡವನ್ನು ಗೋಡೆಯಂತೆ ನಿಲ್ಲಿಸಿ, ಮೇಲೆ ವಾಕಿಂಗ್ ಪಾತ್ ಹಾಕಿ ‘ಕೆರೆ ಅಭಿವೃದ್ಧಿ’ ಎನ್ನುತ್ತಾರೆ. ಅಂಥ ಕೆರೆಯಲ್ಲಿ ನೀರುಕಾಗೆ ಮುಳುಗಿ ಮೀನು ಹಿಡಿಯಬಹುದು, ನಿಂತು ಮೇಯುವ ಹಕ್ಕಿಗೆ ಕಾಲೂರಲು ಜಾಗವಿಲ್ಲ. ದನಕರು ನೀರಿಗಿಳಿಯಲೂ ಆಗುವುದಿಲ್ಲ. ಪಂಚಾಯಿತಿಯಲ್ಲಿ ಮಾತಾಡುವಾಗ ದನದ ಮಾತನ್ನೇ ಮೊದಲು ಎತ್ತಿ, ಕುರಿ ಸಾಕಿದವರೂ ನಿಮ್ಮ ಜೊತೆ ನಿಲ್ಲುತ್ತಾರೆ.

ಕೇಳಬೇಕಾದದ್ದು ಇಷ್ಟು: ಹೂಳನ್ನು ಆಳದ ಕಡೆಯಿಂದ ತೆಗೆಯಲಿ, ಕೆರೆಯ ಹಿಂಭಾಗದ, ನೀರು ಒಳಬರುವ ಕಡೆಯ ತೆಳುನೀರಿನ ಅಂಗಳವನ್ನು ಮುಟ್ಟದಿರಲಿ, ದಡ ಇಳಿಜಾರಾಗಿರಲಿ. ಕೆರೆಯೊಳಗೆ ನಿಂತ ಜಾಲಿಗಳನ್ನು ‘ಮುಳ್ಳುಗಿಡ’ ಎಂದು ಕೀಳದಿರಲಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ಹಕ್ಕಿಗಳ ಊರಾಗಿಸಿದ್ದು ನೀರಿನಲ್ಲಿ ನಿಂತ ಜಾಲಿ ಮರಗಳೇ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆಗಳ ಜೊತೆಗೆ, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅದಕ್ಕೆ ಮೊದಲು ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಮಾಗಡಿಯೂ ಅಂಕಸಮುದ್ರವೂ ನಿಮ್ಮೂರಿನ ಕೆರೆಯ ಹಾಗೆಯೇ ಹೊಲಗದ್ದೆಗಾಗಿ ಇದ್ದ ಕೆರೆಗಳು ಎಂಬುದನ್ನು ಪಂಚಾಯಿತಿ ಸದಸ್ಯರಿಗೆ ತಿಳಿಸಿ ಹೇಳಿ.

ಈಗ ನಿಮ್ಮ ಎಣಿಕೆಯ ಪ್ರಶ್ನೆ. ಪ್ರಯೋಜನವಿದೆ. ಆದರೆ ಯಾವ ಬಗೆಯ ಎಣಿಕೆ ಎಂಬುದರ ಮೇಲೆ ಅದು ನಿಂತಿದೆ. ಭಾನುವಾರ ಹೋಗಿ ‘ಇವತ್ತು ತುಂಬಾ ಹಕ್ಕಿ ಇದ್ದವು’ ಎಂದು ಗುಂಪಿಗೆ ಕಳಿಸಿದರೆ ಐದು ವರ್ಷದ ನಂತರ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಜಾಗದಲ್ಲಿ ನಿಂತು, ಹದಿನೈದು ದಿನಕ್ಕೊಮ್ಮೆ, ಬೆಳಗಿನ ಅದೇ ಹೊತ್ತಿಗೆ ಎಣಿಸಿ ಬರೆದ ನೋಟುಬುಕ್ಕು ಒಂದಿದ್ದರೆ ಅದನ್ನು ಯಾವ ಕಚೇರಿಯ ಮೇಜಿನ ಮೇಲೂ ಇಡಬಹುದು.

ಮರಗಳ ನಕ್ಷೆ ಬರೆದು ಒಂದೊಂದಕ್ಕೂ ಸಂಖ್ಯೆ ಕೊಡಿ. ಸಂಖ್ಯೆ ನಕ್ಷೆಯಲ್ಲಿದ್ದರೆ ಸಾಕು, ಮರಕ್ಕೆ ಮೊಳೆ ಹೊಡೆಯಬೇಡಿ. ಪ್ರತಿ ಮರದಲ್ಲಿ ಎಷ್ಟು ಗೂಡು, ಎಷ್ಟರಲ್ಲಿ ಹಕ್ಕಿ ಕಾವಿಗೆ ಕೂತಿದೆ, ಎಷ್ಟರಲ್ಲಿ ಬಿಳಿ ತುಪ್ಪಳದ ಮರಿ, ಎಷ್ಟರಲ್ಲಿ ರೆಕ್ಕೆ ಬಂದ ಮರಿ, ಇಷ್ಟು ಅಂಕಣ ಸಾಕು. ಇಬ್ಬರು ಬೇರೆಬೇರೆಯಾಗಿ ಎಣಿಸಿ ಆಮೇಲೆ ತಾಳೆ ನೋಡಿ. ಮೊದಮೊದಲು ವ್ಯತ್ಯಾಸ ದೊಡ್ಡದಿರುತ್ತದೆ, ಒಂದು ಋತು ಕಳೆಯುವಷ್ಟರಲ್ಲಿ ಕಣ್ಣು ಪಳಗುತ್ತದೆ. ಕೆರೆಯಲ್ಲಿ ದೊಡ್ಡ ಹಿಂಡು ಇಳಿದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ನೋಡಿ, ಅದೇ ಅಳತೆಯಲ್ಲಿ ಹಿಂಡಿನ ಮೇಲೆ ಕಣ್ಣಾಡಿಸುತ್ತ ಹೋಗಿ. ಹಕ್ಕಿ ಇಲ್ಲದ ದಿನ ‘ಸೊನ್ನೆ’ ಎಂದು ಬರೆಯಿರಿ. ಹೊಸಬರು ಬಿಟ್ಟುಬಿಡುವುದು ಅದನ್ನೇ. ಹಕ್ಕಿಗಳು ಯಾವ ದಿನ ಬಂದವು, ಯಾವ ದಿನ ಹೋದವು ಎಂದು ಗೊತ್ತಾಗುವುದು ಸೊನ್ನೆಗಳಿಂದ. ಪಕ್ಕದಲ್ಲಿ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ, ತೂಬಿನ ಕಲ್ಲಿನ ಗುರುತು ನೋಡಿದರೆ ಆಯಿತು.

ಇಂಥ ಪುಸ್ತಕಗಳು ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ಸುತ್ತಲೇ ಉದಾಹರಣೆಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡು ಎಂಬ ಹಳ್ಳಿಯಲ್ಲಿ ಹುಣಸೆ ಮರಗಳ ಮೇಲೆ ಬೂದು ಬಕ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತಿದ್ದುದು ಆ ಊರಿನವರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. 1999ರಲ್ಲಿ ಅದನ್ನು ಬೆಳಕಿಗೆ ತಂದದ್ದು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಎಂಬ ಸ್ಥಳೀಯ ಹವ್ಯಾಸಿಗಳ ಗುಂಪು. ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ನಡೆದು, ಯಾವ ಹಕ್ಕಿ ಎಲ್ಲಿದೆ ಎಂಬ ಅಟ್ಲಾಸ್ ಮಾಡಿದರು. ದೇಶದಲ್ಲಿ ಅಂಥದ್ದು ಅದೇ ಮೊದಲು. 1972ರ ಸುಮಾರಿಗೆ ಶುರುವಾದ ಬೆಂಗಳೂರಿನ ಪಕ್ಷಿವೀಕ್ಷಕರ ಕ್ಷೇತ್ರ ಕ್ಲಬ್ಬಿನವರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದನ್ನು ರೂಢಿ ಮಾಡಿಕೊಂಡರು. ಅಲ್ಲಿ ಹಕ್ಕಿ ನೋಡಲು ಕಲಿತ ಎಷ್ಟೋ ಜನ ಇಂದು ಬೇರೆಬೇರೆ ಜಿಲ್ಲೆಗಳಲ್ಲಿ ಗುಂಪು ನಡೆಸುತ್ತಿದ್ದಾರೆ.

ಇನ್ನೂ ದೊಡ್ಡ ಲೆಕ್ಕವೊಂದಿದೆ. 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಆಧಾರವಾದದ್ದು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಅಂತರ್ಜಾಲ ತಾಣದಲ್ಲಿ ದಾಖಲಿಸಿದ ಸುಮಾರು 3 ಕೋಟಿ ನೋಟಗಳು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60ರಷ್ಟು ಕಡಿಮೆಯಾಗಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಅವುಗಳಲ್ಲಿದೆ. ಹೊಲದ ತಂತಿಯ ಮೇಲೆ ದಿನಾ ಕಾಣುವ ಹಕ್ಕಿಯದು, ಕಡಿಮೆಯಾಗುತ್ತಿರುವುದು ಬರಿಗಣ್ಣಿಗೆ ತಿಳಿಯುತ್ತಿರಲಿಲ್ಲ. ಸಾವಿರಾರು ಜನ ವರ್ಷಗಟ್ಟಲೆ ಪಟ್ಟಿ ಬರೆದದ್ದರಿಂದ ತಿಳಿಯಿತು. ನೀವೂ ನೋಟುಬುಕ್ಕಿನ ಲೆಕ್ಕವನ್ನು ಇ-ಬರ್ಡ್‌ಗೆ ಹಾಕಿ. ಕನಿಷ್ಠ ಹದಿನೈದು ನಿಮಿಷ ನೋಡಿ, ಕಾಗೆ, ಗೊರವಂಕ, ಪಾರಿವಾಳ ಬಿಡದೆ ಕಂಡ ಎಲ್ಲ ಜಾತಿಯನ್ನೂ ಸಂಖ್ಯೆಯ ಜೊತೆ ಬರೆದ ಪಟ್ಟಿಗೆ ಅಲ್ಲಿ ಬೆಲೆ ಹೆಚ್ಚು. ಜನವರಿಯಲ್ಲಿ ಏಷ್ಯಾದ ನೀರಹಕ್ಕಿ ಗಣತಿ ನಡೆಯುತ್ತದೆ. ನಮ್ಮ ದೇಶದಲ್ಲಿ 1987ರಿಂದ ನಡೆದು ಬಂದದ್ದು. ನಿಮ್ಮ ಕೆರೆಯ ಹೆಸರು ಈ ವರ್ಷ ಅದಕ್ಕೆ ಸೇರಲಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಇಳಿದರೆ ಕುತ್ತಿಗೆಯ ಕಡೆ ದುರ್ಬೀನು ತಿರುಗಿಸಿ ನೋಡಿ, ಮಂಗೋಲಿಯಾದಲ್ಲಿ ಅಕ್ಷರ, ಅಂಕಿಯ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಆ ಅಕ್ಷರಗಳನ್ನು ಓದಿ ತಿಳಿಸುವುದೂ ದಡದ ಮೇಲೆ ನಿಂತವರಿಂದಲೇ ಆಗಬೇಕು.

ಊರಿನ ಮಟ್ಟದಲ್ಲಿ ನಿಮ್ಮ ಎಣಿಕೆಯ ನೋಟುಬುಕ್ಕಿಗೆ ಮತ್ತೊಂದು ದಾರಿಯಿದೆ, ಇದನ್ನು ಬಹಳ ಗುಂಪುಗಳು ಬಳಸುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕ ಇರಬೇಕು. ಆ ದಾಖಲಾತಿಯಲ್ಲಿ ನಿಮ್ಮ ಹುಣಸೆ ಮರಗಳೂ ಗೂಡಿನ ಲೆಕ್ಕವೂ ಸೇರಿದ್ದರೆ, ಹೂಳಿನ ಟೆಂಡರು ಬರುವ ದಿನ ಮಾತಾಡಲು ನಿಮಗೆ ಒಂದು ಕಾಗದವಿರುತ್ತದೆ. ಪಿಡಿಒ ಅವರನ್ನು ಕಂಡು ದಾಖಲಾತಿ ಎಲ್ಲಿದೆ ಎಂದು ಕೇಳಿ ನೋಡಿ.

ಬಿದ್ದ ಮರಿಗಳ ಬಗ್ಗೆ. ಕೊಕ್ಕರೆ ಬೆಳ್ಳೂರಿನ ಬಳಗದವರು ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಬೇಲಿಯೊಳಗೆ ಇಟ್ಟು ಮೀನು ತಿನ್ನಿಸಿ ಬೆಳೆಸಿ ಬಿಡುವುದನ್ನು ನೀವು ಕೇಳಿರಬಹುದು. ಅದು ಅರಣ್ಯ ಇಲಾಖೆಯ ಜೊತೆಗೂಡಿ, ವರ್ಷಗಟ್ಟಲೆ ಅನುಭವದ ಮೇಲೆ ನಡೆದ ಕೆಲಸ. ಕಾಡುಹಕ್ಕಿಯನ್ನು ಮನೆಯಲ್ಲಿಟ್ಟು ಸಾಕಲು ಕಾನೂನಿನಲ್ಲಿ ಅವಕಾಶವಿಲ್ಲ. ಮರಿ ಬಿದ್ದರೆ ನೆರಳಿನಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಡಿ, ವಲಯ ಅರಣ್ಯ ಕಚೇರಿಗೆ ತಕ್ಷಣ ತಿಳಿಸಿ. ಕೊಕ್ಕು ಬಿಡಿಸಿ ನೀರು ಸುರಿಯಬೇಡಿ, ಉಸಿರುನಾಳಕ್ಕೆ ಹೋಗಿ ಸಾಯುತ್ತದೆ. ಅನ್ನ, ಬ್ರೆಡ್ಡು ಬೇಡವೇ ಬೇಡ. ಒಂದು ಮರಿಯನ್ನು ಮೇಲಿಡಲೆಂದು ಮರ ಹತ್ತಿದರೆ ಗಾಬರಿಯಾಗಿ ಉಳಿದವು ಜಿಗಿಯುತ್ತವೆ. ಒಟ್ಟೊಟ್ಟಿಗೆ ಹಲವು ಹಕ್ಕಿ ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಇಲಾಖೆಗೂ ಹೇಳಿ. 2017ರ ಕೊನೆಯಿಂದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಪರೀಕ್ಷೆಯಲ್ಲಿ ಹೊಟ್ಟೆಯೊಳಗೆ ದುಂಡುಹುಳುಗಳು ಸಿಕ್ಕವು. ತಿಂದ ಮೀನಿನಿಂದ ಸೇರುವ ಹುಳು ಅದು. ದಿನವೂ ನೋಡುವ ಕಣ್ಣುಗಳು ಊರಿನಲ್ಲೇ ಇದ್ದದ್ದರಿಂದ ಸಾವು ಬೇಗ ಗಮನಕ್ಕೆ ಬಂತು.

ಫೋಟೊದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮಧ್ಯಾಹ್ನದ ಬಿಸಿಲಲ್ಲಿ ತಾಯಿಹಕ್ಕಿ ರೆಕ್ಕೆ ಹರಡಿ ಮರಿಗೆ ನೆರಳು ಕೊಟ್ಟು ನಿಂತಿರುತ್ತದೆ. ಹತ್ತಿರ ಹೋಗಿ ಅದನ್ನು ಎಬ್ಬಿಸಿದರೆ ಬಿಸಿಲಿಗೆ ಮರಿ ಬೇಯುತ್ತದೆ, ಕಾಗೆ ಮೊಟ್ಟೆ ಕೊಂಡೊಯ್ಯುತ್ತದೆ. ಗೂಡಿನ ಕಾಲದಲ್ಲಿ ಬೆಳಗ್ಗೆ, ದೂರದಿಂದ, ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಡ್ರೋನ್ ಹಾರಿಸಲು ಯಾರಿಗೂ ಬಿಡಬೇಡಿ. ಊರಿನ ಹೆಸರು, ಮ್ಯಾಪಿನ ಗುರುತು ಹಾಕಿ ಚಿತ್ರ ಹಂಚಬೇಡಿ, ಮುಂದಿನ ಭಾನುವಾರ ಮರದ ಬುಡದಲ್ಲಿ ಕಾರುಗಳು ನಿಂತಿರುತ್ತವೆ. ಆಗ ಯಜಮಾನರಿಗೆ ನಾತದ ಜೊತೆ ಗಲಾಟೆಯೂ ಸೇರುತ್ತದೆ.

ನೋಂದಣಿಗೆ ಆತುರವಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, ನೀವು ಆರು ಜನ ಇದ್ದೀರಿ. ಒಂದು ಗೂಡಿನ ಋತು ಪೂರ್ತಿ ಎಣಿಸಿದ ಮೇಲೆ ನೋಡಿ. ಏಳನೆಯವರಾಗಿ ಆ ಹುಣಸೆ ಮರದ ಯಜಮಾನರೇ ಸೇರಿದರೆ ಅದಕ್ಕಿಂತ ದೊಡ್ಡ ಗೆಲುವು ಬೇರೆಯಿಲ್ಲ. ಮುಂದೊಂದು ದಿನ ಊರಿಗೆ ಊರೇ ಒಪ್ಪಿದರೆ, ಖಾಸಗಿ ಜಮೀನಿನ ಯಜಮಾನಿಕೆ ಹಾಗೇ ಉಳಿಸಿಕೊಂಡು ಸಮುದಾಯ ಮೀಸಲು ಮಾಡಿಸುವ ದಾರಿ ವನ್ಯಜೀವಿ ಕಾಯ್ದೆಯಲ್ಲಿದೆ. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಯಿತು. ಆ ಮಾತನ್ನು ಈಗಲೇ ಊರಿನಲ್ಲಿ ಎತ್ತಬೇಡಿ, ಜಮೀನು ಹೋಗುತ್ತದೆಂದು ಜನ ಹೆದರುತ್ತಾರೆ.

ಹೆಸರನ್ನು ನಾನು ಸೂಚಿಸುವುದಿಲ್ಲ. ಮದ್ದೂರಿನ ಕಡೆಯವರು ತಮ್ಮ ಬಾಯಲ್ಲಿದ್ದ ಹೆಜ್ಜಾರ್ಲೆಯ ಹೆಸರನ್ನೇ ಬಳಗಕ್ಕೆ ಇಟ್ಟರು. ನಿಮ್ಮೂರಿನ ಅಜ್ಜಿಯರು ಈ ಹಕ್ಕಿಗೆ ಏನೆನ್ನುತ್ತಾರೆ? ಯಜಮಾನರ ಮನೆಗೆ ಹೋದ ದಿನ ಅವರ ತಾಯಿಯೋ ಅತ್ತೆಯೋ ಇದ್ದರೆ ಕೇಳಿ, ಅವರು ಹೇಳಿದ್ದನ್ನೇ ಇಡಿ. ಏಪ್ರಿಲ್ ಹೊತ್ತಿಗೆ ಗೂಡಿನ ಲೆಕ್ಕದ ಜೊತೆ ಆ ಹೆಸರನ್ನೂ ನನಗೆ ಬರೆದು ಕಳಿಸಿ.